ಒಬ್ಬೊಬ್ಬರಾಗಿ ಬನ್ನಿ

ಬೆರಳು ತಾಕಿಸಿದೊಡನೆ ಎಲ್ಲವೂ ಆಗಿಬಿಡುವ ಈ ಕಾಲದಲ್ಲೂ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತು ಕಾಯುವ ಚಪಲ ಯಾರಿಗಾದರೂ ಇದ್ದರೆ, ಅವರು ಓಪನ್ ಎಂಪಿಐ ಎಂಬ ಲೈಬ್ರರಿಯ ಸೋರ್ಸ್ ಇಳಿಸಿಕೊಳ್ಳಬೇಕು. ಟಾರ್ ಫೈಲು ಬಿಚ್ಚಿ, ಅದರೊಳಗೆ ಹೋಗಿ, ‘ಕಾನ್ಫಿಗರ್’ ಎಂದು ಟೈಪಿಸಿ ಎಂಟರ್ ಒತ್ತಬೇಕು. ಅಲ್ಲಿಂದಾಚೆಗೆ ಮಾತೆಲ್ಲ ಅದರದ್ದೇ. ಸಿ ಕಂಪೈಲರ್ ಇದೆಯೇ? ಇದೆ. ಅದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಇಂಟ್ ಎಂದರೆ ಎಷ್ಟು ಬೈಟು? ನಾಲ್ಕು. ಉದ್ದನೆಯ ಸಾಲನ್ನು ಕತ್ತರಿಸಿಬಿಡದಂಥ ‘ಸೆಡ್’ ಇದೆಯೇ? ಇದೆ. ತಾನೇ ಕೇಳಿ ತಾನೇ ಉತ್ತರ ಹೇಳಿಕೊಳ್ಳುತ್ತ ಪರದೆಯ ತುಂಬ ಸಾಲುಗಳು ಓಡುತ್ತವೆ. ಇದನ್ನು ಮೊದಲ ಸಲ ಕಂಡಾಗ ನನ್ನ ಹೆಂಡತಿ, “ಏನ್ರೀ ಇದು, ತಾನಾಗೇ ಬರ್ಕೊಂಡು ಹೋಗ್ತಿದೆ! ವೈರಸ್ಸು ಗಿರಸ್ಸು ಹೊಕ್ಕಿದ್ಯಾ?” ಎಂದು ಗಾಬರಿಯಾಗಿದ್ದಳು. ವೈರಸ್ಸಲ್ಲ, ವಿಚಾರಣೆ ನಡೀತಿದೆ ಎಂದೆ. “ಮುಗಿಯೋದು ಯಾವಾಗ?” ಎಂದಳು. ಅದನ್ನು ಮಾತ್ರ ಕಾನ್ಫಿಗರ್ ಯಾರಿಗೂ ಹೇಳುವುದಿಲ್ಲ.

ಮದುವೆಗೆ ಒಪ್ಪಿಕೊಂಡ ಅಡಿಗೆ ಭಟ್ಟರು ಹಿಂದಿನ ದಿನವೇ ಬಂದು ಛತ್ರದ ಅಡಿಗೆಮನೆ ನೋಡುವ ಕ್ರಮ ಹೀಗೆಯೇ. ಪಾತ್ರೆ ಇದೆ ಎಂದು ನೀವು ಹೇಳಿದರೆ ಅವರು ನಂಬುವುದಿಲ್ಲ, ತೂತಿದೆಯೋ ಎಂದು ನೀರು ಹಾಕಿ ನೋಡುತ್ತಾರೆ. ಒಲೆ ಇದೆ ಎಂದರೆ ಹಚ್ಚಿ ನೋಡುತ್ತಾರೆ. ಕಾನ್ಫಿಗರ್ ಕೂಡ ನಿಮ್ಮ ಬಾಯಿಮಾತಿಗೆ ಬೆಲೆ ಕೊಡುವುದಿಲ್ಲ. ಪ್ರತಿ ಪ್ರಶ್ನೆಗೂ ಹತ್ತಿಪ್ಪತ್ತು ಸಾಲಿನ ಒಂದು ಚಿಕ್ಕ ಸಿ ಪ್ರೋಗ್ರಾಮನ್ನು ತಾನೇ ಬರೆದು, ಕಂಪೈಲ್ ಮಾಡಿ, ಬೇಕಾದರೆ ಓಡಿಸಿ, ಫಲಿತಾಂಶ ಬರೆದಿಟ್ಟುಕೊಂಡು, ಪ್ರೋಗ್ರಾಮನ್ನು ಅಳಿಸಿ ಮುಂದಿನ ಪ್ರಶ್ನೆಗೆ ಹೋಗುತ್ತದೆ. ಓಪನ್ ಎಂಪಿಐನಲ್ಲಂತೂ ಭಟ್ಟರ ಹಿಂದೆ ಸಹಾಯಕರ ದಂಡೇ ಇದೆ: ಯಂತ್ರದಲ್ಲಿ ಎಷ್ಟು ಕೋರ್, ಯಾವ ಕ್ಯಾಶೆ ಯಾರದು ಎಂದು ಎಣಿಸುವ ಎಚ್‌ಡಬ್ಲ್ಯುಲಾಕ್, ಘಟನೆಗಳಿಗೆ ಕಾದು ಕೂರುವ ಲಿಬ್‌ಇವೆಂಟ್, ಪ್ರೊಸೆಸ್‌ಗಳನ್ನು ಎಬ್ಬಿಸಲು ನೆರವಾಗುವ ಪಿಎಂಐಎಕ್ಸ್. ಅವು ನಿಮ್ಮಲ್ಲಿ ಮೊದಲೇ ಇರದಿದ್ದರೆ ತಾನೇ ಹೊತ್ತು ತಂದದ್ದನ್ನು ಹಚ್ಚುತ್ತದೆ. ಆಗ ಒಬ್ಬೊಬ್ಬ ಸಹಾಯಕನಿಗೂ ಅವನದೇ ಕಾನ್ಫಿಗರ್. ಅವನೂ ಬಂದು ಮೊದಲಿನಿಂದ ಶುರು ಮಾಡುತ್ತಾನೆ: ಸಿ ಕಂಪೈಲರ್ ಇದೆಯೇ? ಅದು ಕೆಲಸ ಮಾಡುತ್ತದೆಯೇ? ಈಗ ತಾನೇ ನಿಮ್ಮ ಯಜಮಾನರಿಗೆ ಹೇಳಿದೆನಲ್ಲಪ್ಪಾ ಎನ್ನುವಂತಿಲ್ಲ.

ಈ ಪ್ರಶ್ನೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಶುರುವಿನಲ್ಲೇ ಬರುತ್ತದೆ. ಬಿಲ್ಡ್ ಮಾಡುವ ಈ ವಾತಾವರಣ ನೆಟ್ಟಗಿದೆಯೇ ಎಂದು ಕೇಳಿ, ಅರೆಕ್ಷಣ ನಿಂತು, ಹೌದು ಎನ್ನುತ್ತದೆ. ಇಷ್ಟು ದೊಡ್ಡ ಪ್ರಶ್ನೆಗೆ ಅದು ಮಾಡುವ ಪರೀಕ್ಷೆ ಏನೆಂದರೆ, ಹೊಸದೊಂದು ಫೈಲು ಹುಟ್ಟಿಸಿ, ಅದರ ಸಮಯ ಕಾನ್ಫಿಗರ್ ಫೈಲಿನ ಸಮಯಕ್ಕಿಂತ ಈಚಿನದೇ ಎಂದು ನೋಡುತ್ತದೆ. ಗಡಿಯಾರ ಸರಿಯಿದ್ದರೆ ಎಲ್ಲ ಸರಿ! ನಗು ಬರುತ್ತದೆ, ಆದರೆ ಹಳೆಯ ಲ್ಯಾಬುಗಳಲ್ಲಿ ಕೆಲಸ ಮಾಡಿದವರು ನಗುವುದಿಲ್ಲ. ಮದರ್‌ಬೋರ್ಡಿನ ಬಟನ್ ಸೆಲ್ಲು ಸತ್ತು, ಪ್ರತಿದಿನ ಬೆಳಿಗ್ಗೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಏಳುವ ಡೆಸ್ಕ್‌ಟಾಪ್ ನಮ್ಮ ಕಾಲೇಜಿನ ಲ್ಯಾಬಿನಲ್ಲೂ ಇತ್ತು. ಇಂಟರ್ನೆಟ್ ಸಿಗುವವರೆಗೆ ಅದು ಹಳೆಯ ಕಾಲದಲ್ಲೇ ಇರುತ್ತಿತ್ತು. ಅದರಲ್ಲಿ ಕಾನ್ಫಿಗರ್ ಕೊಟ್ಟರೆ, ಈಗ ಹುಟ್ಟಿದ ಫೈಲು ಪೊಟ್ಟಣದಲ್ಲಿ ಬಂದ ಫೈಲಿಗಿಂತ ಹಳೆಯದಾಗಿದೆ, ಮೊದಲು ಗಡಿಯಾರ ನೋಡಿಕೊಳ್ಳಿ ಎಂದು ಹೇಳಿ ನಿಂತುಬಿಡುತ್ತಿತ್ತು. ಮೇಕ್ ಎಂಬ ಮುಂದಿನ ಕೆಲಸಗಾರ ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕು, ಯಾವುದನ್ನು ಬಿಡಬಹುದು ಎಂದು ತೀರ್ಮಾನಿಸುವುದೇ ಫೈಲುಗಳ ಸಮಯ ನೋಡಿ. ಹಾಗಾಗಿ ಮೂವತ್ತು ರೂಪಾಯಿಯ ಸೆಲ್ಲು ಇಲ್ಲದೆ ಸೂಪರ್‌ಕಂಪ್ಯೂಟರಿನ ಲೈಬ್ರರಿ ಹುಟ್ಟುವುದಿಲ್ಲ.

ಈ ವಿಚಾರಣೆಯ ಪೂರ್ತಿ ದಾಖಲೆ ‘ಕಾನ್ಫಿಗ್ ಡಾಟ್ ಲಾಗ್’ ಎಂಬ ಫೈಲಿನಲ್ಲಿರುತ್ತದೆ. ಹೊಸಬರು ಅದನ್ನು ತೆರೆದು ಎದೆ ಒಡೆದುಕೊಳ್ಳುತ್ತಾರೆ, ಯಾಕೆಂದರೆ ಎಲ್ಲ ಸರಿಯಾಗಿ ನಡೆದಾಗಲೂ ಅದರ ತುಂಬ ಎರರ್‌ಗಳೇ. ಒಂದು ಸೌಲಭ್ಯ ಇಲ್ಲ ಎಂದು ತಿಳಿಯಲು ಇರುವ ದಾರಿಯೇ ಅದನ್ನು ಬಳಸಿ ಎಡವಿ ನೋಡುವುದು. ನಿಜವಾದ ಎರರ್ ಫೈಲಿನ ಕೊನೆಯಲ್ಲಿರುತ್ತದೆ ಎಂದುಕೊಂಡರೆ ಅದೂ ಇಲ್ಲ. ಕೊನೆಯಲ್ಲಿ ನೂರಾರು ವೇರಿಯಬಲ್‌ಗಳ ಪಟ್ಟಿ ಸುರಿದಿರುತ್ತದೆ, ಅದಕ್ಕಿಂತ ಮೇಲಕ್ಕೆ ಹತ್ತಬೇಕು. ಕೊನೆಯ ಹತ್ತು ಸಾಲಿನ ಸ್ಕ್ರೀನ್‌ಶಾಟ್ ಕಳಿಸಿ “ಸಾರ್, ಏನೋ ಎರರ್ ಬಂತು” ಎನ್ನುವ ಹುಡುಗರಿಗೆ ನಾನು ಇದನ್ನು ಹೇಳಿ ಹೇಳಿ ಸಾಕಾಗಿದ್ದೇನೆ.

ಇಷ್ಟೊಂದು ಅಪನಂಬಿಕೆಗೆ ಕಾರಣವಿದೆ. ಎಂಬತ್ತರ ದಶಕದಲ್ಲಿ ಸನ್, ಎಚ್‌ಪಿ, ಐಬಿಎಂ, ಡಿಇಸಿ ಎಲ್ಲರೂ ಯುನಿಕ್ಸ್ ಎಂದೇ ಮಾರುತ್ತಿದ್ದರು, ಒಬ್ಬರದು ಇನ್ನೊಬ್ಬರಂತಿರಲಿಲ್ಲ. ಒಂದರಲ್ಲಿ ಇರುವ ಫಂಕ್ಷನ್ ಇನ್ನೊಂದರಲ್ಲಿ ಇಲ್ಲ, ಇದ್ದರೂ ಬೇರೆ ಹೆಸರು, ಹೆಸರು ಅದೇ ಆದರೂ ಬೇರೆ ನಡವಳಿಕೆ. 1991ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿಗೆ ಕೆಲಸ ಮಾಡುತ್ತಿದ್ದ ಡೇವಿಡ್ ಮೆಕೆಂಜಿ ಶುರು ಮಾಡಿದ ಆಟೋಕಾನ್ಫ್ ಈ ರಗಳೆಗೆ ಕೊಟ್ಟ ಉತ್ತರ, ಹೆಸರು ನೋಡಬೇಡ, ಮಾಡಿಸಿ ನೋಡು ಎಂಬುದು. ಆ ಯುನಿಕ್ಸುಗಳಲ್ಲಿ ಬಹುಪಾಲು ಇವತ್ತು ಮ್ಯೂಸಿಯಂ ಸೇರಿವೆ. ಪ್ರಶ್ನೆಗಳು ಮಾತ್ರ ನಿಂತಿಲ್ಲ. ಸಿ ಭಾಷೆಗೆ 1989ರಲ್ಲೇ ಸ್ಟ್ಯಾಂಡರ್ಡ್ ಆಗಿ, ಸ್ಟ್ರಿಂಗ್ ಹೆಡರ್ ಎಲ್ಲ ಕಡೆ ಇದ್ದೇ ಇರುತ್ತದೆ ಎಂದು ತೀರ್ಮಾನವಾದ ಮೇಲೂ, ಅದು ಇದೆಯೇ ಎಂದು ನಿನ್ನೆ ಕೊಂಡ ಲ್ಯಾಪ್‌ಟಾಪಿನಲ್ಲೂ ಕೇಳುವ ಕಾನ್ಫಿಗರ್‌ಗಳಿವೆ.

ಈಗ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ. ಈ ಲೈಬ್ರರಿ ಇರುವುದು ಯಾತಕ್ಕೆ? ನೂರು, ಸಾವಿರ, ಲಕ್ಷ ಕೋರ್‌ಗಳನ್ನು ಒಟ್ಟಿಗೆ ದುಡಿಸುವುದಕ್ಕೆ. ಆದರೆ ಅದನ್ನು ಕಟ್ಟುವಾಗ ಮೊದಲು ಬರುವ ಕಾನ್ಫಿಗರ್ ಇದೆಯಲ್ಲ, ಅದು ಬಹಳ ಉದ್ದದ ಒಂದು ಶೆಲ್ ಸ್ಕ್ರಿಪ್ಟು. ಒಂದು ಪ್ರಶ್ನೆ ಮುಗಿಯದೆ ಇನ್ನೊಂದಕ್ಕೆ ಹೋಗದು. ಮೂರನೆಯ ಪ್ರಶ್ನೆಗೆ ಸಿಕ್ಕ ಉತ್ತರದ ಮೇಲೆ ಮುನ್ನೂರನೆಯ ಪ್ರಶ್ನೆ ನಿಂತಿರುತ್ತದೆ, ಹಾಗಾಗಿ ಹಂಚಿಕೊಡುವುದೂ ಸುಲಭವಲ್ಲ. 64 ಕೋರ್‌ನ ಸರ್ವರ್ ತಂದಿಟ್ಟರೂ ಒಂದು ಕೋರ್ ಬೆವರು ಸುರಿಸುತ್ತದೆ, 63 ಕೋರ್ ಕೂತು ನೋಡುತ್ತವೆ. ಎಲ್ಲರನ್ನೂ ಒಟ್ಟಿಗೆ ಓಡಿಸುವ ಲೈಬ್ರರಿ ಹುಟ್ಟಬೇಕಾದರೆ ಮೊದಲು ಕ್ಯೂ ನಿಲ್ಲಬೇಕು. ಪ್ಯಾರಲಲ್ ಪ್ರೋಗ್ರಾಮಿಂಗ್ ಪಾಠದ ಮೊದಲ ಅಧ್ಯಾಯವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿದ್ದು ನಾನು ಕಂಡಿಲ್ಲ.

ಆ ಅಧ್ಯಾಯ ಬರೆದವನು ಐಬಿಎಂನ ಸಿಸ್ಟಮ್ 360 ವಿನ್ಯಾಸಗಾರರಲ್ಲಿ ಒಬ್ಬನಾದ ಜೀನ್ ಆಮ್‌ಡಾಲ್, 1967ರಲ್ಲಿ. ಅವನ ತರ್ಕ ಕಿರಾಣಿ ಲೆಕ್ಕದಷ್ಟು ಸರಳ. ಕಾನ್ಫಿಗರ್‌ಗೆ ಮೂರು ನಿಮಿಷ, ಒಂದೇ ಕೋರ್‌ನಲ್ಲಿ ಮೇಕ್‌ಗೆ ಹನ್ನೆರಡು ನಿಮಿಷ ಎಂದಿಟ್ಟುಕೊಳ್ಳಿ, ಒಟ್ಟು ಹದಿನೈದು. ಎಂಟು ಕೋರ್ ಹಚ್ಚಿದಿರಿ. ಮೇಕ್ ಒಂದೂವರೆ ನಿಮಿಷಕ್ಕಿಳಿಯಿತು, ಕಾನ್ಫಿಗರ್ ಮೂರರಲ್ಲೇ ನಿಂತಿತು. ಒಟ್ಟು ನಾಲ್ಕೂವರೆ. ಎಂಟು ಜನರಿಗೆ ಸಂಬಳ ಕೊಟ್ಟಿದ್ದಕ್ಕೆ ಮೂರು ಪಟ್ಟಿಗಿಂತ ತುಸು ಹೆಚ್ಚು ವೇಗ ಸಿಕ್ಕಿತು. ಲೋಕದ ಕೋರ್‌ಗಳನ್ನೆಲ್ಲ ತಂದು ಸುರಿದರೂ ಆ ಮೂರು ನಿಮಿಷ ಕರಗದು, ಐದು ಪಟ್ಟು ಎಂಬ ಗೆರೆ ದಾಟಲಾಗದು. ಒಂದೊಂದಾಗಿಯೇ ನಡೆಯಬೇಕಾದ ಭಾಗ ಕೆಲಸದಲ್ಲಿ ನೂರಕ್ಕೆ ಐದು ಇದ್ದರೂ ಸಾಕು, ಇಪ್ಪತ್ತು ಪಟ್ಟಿನ ಮೇಲೆ ಆಸೆ ಬಿಡಬೇಕು.

ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ಈ ತತ್ತ್ವಕ್ಕೆಲ್ಲ ಸೊಪ್ಪು ಹಾಕುವವನಲ್ಲ. “ಅಲ್ಲ ಮಾವ, ಆಪ್ಟ್ ಇನ್‌ಸ್ಟಾಲ್ ಅಂತ ಒಂದು ಲೈನ್ ಹೊಡೆದ್ರೆ ಒಂದು ನಿಮಿಷದಲ್ಲಿ ಬಂದು ಕೂರುತ್ತೆ. ಇದೇನು ನಿಮ್ಮ ಗೋಳು?” ಎನ್ನುತ್ತಾನೆ. ಅವನು ಹೇಳುವುದು ಸರಿಯೇ. ಮನೆಯ ಲ್ಯಾಪ್‌ಟಾಪಿಗೆ ರೆಡಿಮೇಡ್ ಸಾಕು. ಆದರೆ ಯಾವುದಾದರೂ ದೊಡ್ಡ ಯಂತ್ರದಲ್ಲಿ ಇವನಿಗೊಂದು ಅಕೌಂಟು ಕೊಡಲಿ, ಆಗ ಗೊತ್ತಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದು ಕೂತ ಪರಮ್ ಪ್ರವೇಗ 3.3 ಪೆಟಾಫ್ಲಾಪ್‌ನ ಯಂತ್ರ. ಅಂಥವುಗಳಲ್ಲಿ ಬಳಕೆದಾರನಿಗೆ ರೂಟ್ ಅಧಿಕಾರ ಎಲ್ಲಿಂದ ಬರಬೇಕು? ಆಪ್ಟ್ ಎಂದರೆ ಅದು ತಿರುಗಿಯೂ ನೋಡುವುದಿಲ್ಲ. ಅಲ್ಲಿ ಹಾಕಿಟ್ಟಿರುವ ಆವೃತ್ತಿ ನಿಮಗೆ ಒಗ್ಗದಿದ್ದರೆ ಸೋರ್ಸ್ ತಂದು ‘ಪ್ರಿಫಿಕ್ಸ್’ ಎಂಬ ಕಡೆ ನಿಮ್ಮದೇ ಹೋಮ್ ಡೈರೆಕ್ಟರಿಯ ವಿಳಾಸ ಕೊಟ್ಟು ಕಟ್ಟಿಕೊಳ್ಳಬೇಕು. ಅದಲ್ಲದೆ ನೋಡ್‌ನಿಂದ ನೋಡ್‌ಗೆ ಮಾತು ಸಾಗಿಸುವ ಇನ್ಫಿನಿಬ್ಯಾಂಡ್‌ನಂಥ ಜಾಲವನ್ನು ಕಾನ್ಫಿಗರ್ ಗುರುತು ಹಿಡಿಯದೆ ಹೋದರೆ, ಕೋಟ್ಯಂತರ ರೂಪಾಯಿಯ ಜಾಲ ಪಕ್ಕದಲ್ಲಿದ್ದರೂ ಸಂದೇಶಗಳು ಸಾಧಾರಣ ಟಿಸಿಪಿಯಲ್ಲಿ ತೆವಳುತ್ತವೆ. ಎರರ್ ಏನೂ ಬರುವುದಿಲ್ಲ. ಪ್ರೋಗ್ರಾಮು ಓಡುತ್ತದೆ, ನಿಧಾನವಾಗಿ. ಆದ್ದರಿಂದಲೇ ಕಾನ್ಫಿಗರ್ ಕೊನೆಗೆ ಕೊಡುವ ಸಾರಾಂಶದ ಪಟ್ಟಿಯನ್ನು ಓದಬೇಕು. ಫೋರ್ಟ್ರಾನ್ ಹೌದು, ಆ ಜಾಲವನ್ನು ಬಳಸುವ ಯುಸಿಎಕ್ಸ್ ಇಲ್ಲ, ಗ್ರಾಫಿಕ್ಸ್ ಚಿಪ್ಪಿನ ಕುಡಾ ಇಲ್ಲ ಎಂದು ಬಂದ ಆ ಎರಡು ‘ಇಲ್ಲ’ಗಳನ್ನು ನೋಡದೆ ಮುಂದೆ ಹೋದವರು ತಿಂಗಳುಗಟ್ಟಲೆ ಅಲ್ಗಾರಿದಮ್ಮನ್ನು ಬೈದುಕೊಂಡು ತಿರುಗುತ್ತಾರೆ.

ಎಂಪಿಐ ಎನ್ನುವುದಾದರೂ ಏನು ಎಂದು ಹೇಳದೆ ಇಷ್ಟು ದೂರ ಬಂದೆ. ಹರಟೆಯಲ್ಲಿ ಪೀಠಿಕೆ ನಡುವೆ ಬಂದರೂ ನಡೆಯುತ್ತದೆ. ಒಂದೇ ಪ್ರೋಗ್ರಾಮಿನ ಹಲವು ಪ್ರತಿಗಳು ಒಟ್ಟಿಗೆ ಓಡುತ್ತವೆ. ಪ್ರತಿಯೊಂದಕ್ಕೂ ತನ್ನದೇ ಮೆಮೊರಿ, ತನ್ನದೇ ನಂಬರು, ಸೊನ್ನೆಯಿಂದ ಶುರು. ಒಬ್ಬರ ಮೆಮೊರಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಏನಾದರೂ ಬೇಕಿದ್ದರೆ ಸಂದೇಶ ಕಳಿಸಬೇಕು, ಆ ಕಡೆಯವರು ತೆಗೆದುಕೊಳ್ಳಬೇಕು. ಹವಾಮಾನದ ಲೆಕ್ಕದಲ್ಲಿ ಭೂಪಟವನ್ನು ಚೌಕ ಚೌಕವಾಗಿ ಹಂಚಿಕೊಂಡವರು ಪ್ರತಿ ಹೆಜ್ಜೆಗೂ ತಮ್ಮ ಅಂಚಿನ ಗಾಳಿ, ಒತ್ತಡ, ಉಷ್ಣತೆಯನ್ನು ನೆರೆಯವರಿಗೆ ತಿಳಿಸುತ್ತ ಹೋಗುವುದು ಹೀಗೆ. ಇದಕ್ಕೆಂದು ಒಂದೊಂದು ಕಂಪನಿಯೂ ತನ್ನದೇ ಶೈಲಿ ಕಟ್ಟಿಕೊಂಡಿತ್ತು. ಇಂಟೆಲ್ ಯಂತ್ರಕ್ಕೆ ಬರೆದದ್ದು ಎನ್‌ಕ್ಯೂಬ್ ಕಂಪನಿಯ ಯಂತ್ರದಲ್ಲಿ ಓಡುತ್ತಿರಲಿಲ್ಲ. 1992ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗಿನಲ್ಲಿ ಸೇರಿದ ಜನ ಇದಕ್ಕೊಂದು ಒಪ್ಪಂದ ಬೇಕೆಂದರು. ಮಾರನೆಯ ವರ್ಷ ಡಲ್ಲಾಸ್‌ನಲ್ಲಿ ಆರು ವಾರಕ್ಕೊಮ್ಮೆ ಕೂತು ಜಗಳಾಡಿ, 1994ರಲ್ಲಿ ಎಂಪಿಐನ ಮೊದಲ ಸ್ಟ್ಯಾಂಡರ್ಡ್ ಹೊರಗೆ ತಂದರು. ಅದರಲ್ಲಿ 120ಕ್ಕೂ ಹೆಚ್ಚು ಫಂಕ್ಷನ್. ಆರು ಬಂದರೆ ಎಂಥ ಪ್ರೋಗ್ರಾಮನ್ನಾದರೂ ಬರೆಯಬಹುದು ಎಂದು ಮೇಷ್ಟ್ರುಗಳು ಹೇಳುತ್ತಾರೆ, ನಾನೂ ಹೇಳುತ್ತೇನೆ. ಏಳನೆಯದು ಬೇಕಾಗಲು ಒಂದು ವಾರವೂ ಹಿಡಿಯುವುದಿಲ್ಲ ಎನ್ನುವುದನ್ನು ಹೇಳುವುದಿಲ್ಲ.

ಎಂಪಿಐ ಬರುವ ಮುಂಚೆಯೇ ಬೆಂಗಳೂರು ಈ ದಾರಿ ಹಿಡಿದಿತ್ತು. ಅಲ್ಲಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್‌ಎಎಲ್, 1986ರಲ್ಲಿ ಇಂಟೆಲ್‌ನ 8086 ಚಿಪ್ಪುಗಳನ್ನು ಜೋಡಿಸಿ ಫ್ಲೋಸಾಲ್ವರ್ ಕಟ್ಟಿತು. ವಿಮಾನದ ಸುತ್ತ ಹರಿಯುವ ಗಾಳಿಯ ಲೆಕ್ಕ ಅದರ ಕಸುಬು. ಭಾರತದ ಮೊದಲ ಪ್ಯಾರಲಲ್ ಕಂಪ್ಯೂಟರ್ ಎಂದು ಹೇಳುವುದು ಅದನ್ನೇ. ಪತ್ರಿಕೆಗಳಲ್ಲಿ ಹೆಸರು ಮಾಡಿದ್ದು ಮಾತ್ರ ಪುಣೆಯ ಸಿ-ಡ್ಯಾಕ್ 1991ರಲ್ಲಿ ತಂದ ಪರಮ್ 8000. ಫ್ಲೋಸಾಲ್ವರ್‌ಗೆ ಆ ಭಾಗ್ಯ ಬರಲಿಲ್ಲ, ನಮ್ಮ ನಾಡಿನದು ಎಂಬ ಅಭಿಮಾನಕ್ಕೆ ನಾನು ಈ ಮಾತನ್ನು ಸಿಕ್ಕಿದಲ್ಲೆಲ್ಲ ತುರುಕುತ್ತಿರುತ್ತೇನೆ.

ಸ್ಟ್ಯಾಂಡರ್ಡ್ ಎಂದರೆ ಬರೀ ಕಾಗದ. ಅದನ್ನು ಓಡುವ ಕೋಡ್ ಮಾಡಿದ್ದು ಅರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ವಿಲಿಯಂ ಗ್ರಾಪ್, ಯೂಯಿಂಗ್ ಲಸ್ಕ್ ಮತ್ತವರ ಸಂಗಡಿಗರ ಎಂಪಿಐಸಿಎಚ್. ಕರಡು ತಿದ್ದಿದಂತೆಲ್ಲ ಕೋಡನ್ನೂ ತಿದ್ದುತ್ತ ಹೋದವರು ಅವರು. ಓಪನ್ ಎಂಪಿಐ ಹುಟ್ಟಿದ್ದು ಹತ್ತು ವರ್ಷ ತಡವಾಗಿ, 2004ರ ಸುಮಾರಿಗೆ. ಟೆನೆಸೀ, ಲಾಸ್ ಅಲಮೋಸ್, ಇಂಡಿಯಾನಾ, ಮೂರೂ ಕಡೆ ಒಂದೊಂದು ಎಂಪಿಐ ಇತ್ತು. ಆ ಮೂರೂ ತಂಡ ತಮ್ಮ ತಮ್ಮ ಹೆಸರು ಬಿಟ್ಟು ಒಂದಾದವು. ಪಂಡಿತರ ಲೋಕದಲ್ಲಿ ಇದು ನಡೆಯಿತೆಂದರೆ ನಂಬುವುದು ಕಷ್ಟ, ಆದರೆ ನಡೆಯಿತು.

ಅಷ್ಟರಲ್ಲಿ ಕಾನ್ಫಿಗರ್ ಮುಗಿದಿರುತ್ತದೆ. ಇನ್ನು ಮೇಕ್. ಇದು ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದದ್ದು. ಮೇಕ್‌ಫೈಲಿನಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಎಂಟು ಸ್ಪೇಸ್ ಹಾಕಿದರೆ ಒಪ್ಪದು. ಕಣ್ಣಿಗೆ ಎರಡೂ ಒಂದೇ. ಇದು ಸರಿಯಲ್ಲ ಎಂದು ಫೆಲ್ಡ್‌ಮನ್‌ನಿಗೆ ಕೆಲವೇ ವಾರಗಳಲ್ಲಿ ತಿಳಿಯಿತಂತೆ. ಅಷ್ಟು ಹೊತ್ತಿಗೆ ಹನ್ನೆರಡು ಜನ ಗೆಳೆಯರು ಅದನ್ನು ಬಳಸತೊಡಗಿದ್ದರು, ಅವರಿಗೆ ತೊಂದರೆಯಾದೀತು ಎಂದು ಬದಲಾಯಿಸಲಿಲ್ಲ. ಆ ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಐವತ್ತು ವರ್ಷದಿಂದ ಲೋಕವೆಲ್ಲ ಟ್ಯಾಬ್ ಒತ್ತುತ್ತಿದೆ.

ಮೇಕ್ ಮಾತ್ರ ಹಂಚಿಕೊಂಡು ದುಡಿಯಬಲ್ಲದು. ‘ಜೆ’ ಎಂದು ಬರೆದು ಪಕ್ಕದಲ್ಲಿ 8 ಹಾಕಿದರೆ ಎಂಟು ಫೈಲುಗಳು ಒಟ್ಟಿಗೆ ಕಂಪೈಲ್ ಆಗುತ್ತವೆ. ಕಾನ್ಫಿಗರ್ ಹೊತ್ತಿನಲ್ಲಿ ಮಲಗಿದ್ದ ಕೋರ್‌ಗಳೆಲ್ಲ ಎದ್ದು, ಫ್ಯಾನು ಕಿರುಚತೊಡಗುತ್ತದೆ. ಅಂಕಿ ಹಾಕುವುದನ್ನು ಮರೆತು ಬರೀ ‘ಜೆ’ ಕೊಟ್ಟರೆ ಮೇಕ್ ಲಂಗುಲಗಾಮಿಲ್ಲದೆ ಸಿಕ್ಕಷ್ಟು ಕಂಪೈಲರ್‌ಗಳನ್ನು ಎಬ್ಬಿಸುತ್ತದೆ. ಮೆಮೊರಿ ತುಂಬಿ, ಮೌಸ್ ಬಾಣ ನಿಂತಲ್ಲೇ ನಿಂತು, ಕೊನೆಗೆ ಪವರ್ ಬಟನ್ ಒತ್ತಿಹಿಡಿಯುವುದೊಂದೇ ಉಪಾಯ.

ಮೇಕ್ ಇನ್‌ಸ್ಟಾಲ್ ಎಂದು ಕೊಟ್ಟ ಮೇಲೆ ಕಥೆ ಮುಗಿಯಿತು ಎನ್ನುವವರಿಗೆ ಒಂದು ದೃಶ್ಯ ತೋರಿಸುತ್ತೇನೆ. ಲ್ಯಾಬಿನ ಒಂದು ಯಂತ್ರದಲ್ಲಿ ಎಂಪಿಐಸಿಎಚ್ ಮೊದಲೇ ಇತ್ತು, ಒಬ್ಬ ಹುಡುಗ ಅದರ ಪಕ್ಕದಲ್ಲೇ ಓಪನ್ ಎಂಪಿಐ ಕಟ್ಟಿದ. ಕಂಪೈಲ್ ಮಾಡಿದ್ದು ಹೊಸದರಲ್ಲಿ, ಓಡಿಸಿದ್ದು ಹಳೆಯದರ ಎಂಪಿಐರನ್ ಎಂಬ ಆಜ್ಞೆಯಿಂದ, ನಾಲ್ಕು ಪ್ರೊಸೆಸ್ ಕೇಳಿ. ಪರದೆಯ ಮೇಲೆ ನಾಲ್ಕು ಸಾಲು ಬಂತು: ನಾನು 0, ಒಟ್ಟು 1. ನಾನು 0, ಒಟ್ಟು 1. ನಾನು 0, ಒಟ್ಟು 1. ನಾನು 0, ಒಟ್ಟು 1. ನಾಲ್ವರೂ ಹುಟ್ಟಿದ್ದಾರೆ, ಆದರೆ ಎಬ್ಬಿಸಿದವನ ಭಾಷೆ ಇವರಿಗೆ ತಿಳಿಯದ್ದರಿಂದ ಪ್ರತಿಯೊಬ್ಬನೂ ಲೋಕದಲ್ಲಿ ತಾನೊಬ್ಬನೇ, ತಾನೇ ಯಜಮಾನ ಎಂದುಕೊಂಡಿದ್ದಾನೆ. ಎರರ್ ಎಂಬುದು ಎಲ್ಲೂ ಇಲ್ಲ. ‘ವಿಚ್ ಎಂಪಿಐರನ್’ ಎಂದು ಕೇಳಿದರೆ ಯಾವ ದಾರಿಯಿಂದ ಬಂದದ್ದು ಎಂದು ತಿಳಿಯುತ್ತದೆ. ಪಾತ್‌ನಲ್ಲಿ ಹೊಸದನ್ನು ಮುಂದಿಟ್ಟ ಮೇಲೆ ಸೊನ್ನೆಯಿಂದ ಮೂರರವರೆಗೆ ಎಲ್ಲರೂ ಸರಿಯಾಗಿ ಹೆಸರು ಹೇಳಿದರು. ಎರಡು ಮೊದಲು ಬಂತು, ಆಮೇಲೆ ಸೊನ್ನೆ. “ಸಾರ್, ಆರ್ಡರ್ ತಪ್ಪಿದೆ” ಎಂದ ಇನ್ನೊಬ್ಬ. ತಪ್ಪಿಲ್ಲ, ಯಾರ ಮಾತು ಮೊದಲು ತಲುಪಿತೋ ಅವರದು ಮೊದಲು ಎಂದೆ.

ಆಮ್‌ಡಾಲ್ ಹಾಕಿದ ಗೆರೆಗೆ ಒಂದು ಜವಾಬೂ ಇದೆ. 1988ರಲ್ಲಿ ಸ್ಯಾಂಡಿಯಾ ಪ್ರಯೋಗಾಲಯದ ಜಾನ್ ಗಸ್ಟಾಫ್‌ಸನ್ 1024 ಪ್ರೊಸೆಸರ್‌ಗಳ ಯಂತ್ರದಲ್ಲಿ ಸಾವಿರ ಪಟ್ಟಿಗೂ ಹೆಚ್ಚು ವೇಗ ತೋರಿಸಿದ. ಕೈ ಹೆಚ್ಚಾದಾಗ ಅಷ್ಟೇ ಕೆಲಸ ಯಾಕೆ ಮಾಡಿಸುತ್ತೀರಿ, ಕೆಲಸವನ್ನೂ ದೊಡ್ಡದು ಮಾಡಿ ಎನ್ನುವುದು ಅವನ ವಾದ. ಇದನ್ನು ತೋರಿಸಲು ಎಂಪಿಐಸಿಎಚ್ ಜೊತೆ ಬರುವ ‘ಸಿಪಿಐ’ ಎಂಬ ಪುಟ್ಟ ಉದಾಹರಣೆ ಸಾಕು. ವಕ್ರರೇಖೆಯ ಕೆಳಗಿನ ಜಾಗವನ್ನು ಸೀಳಿ ಸೀಳಿ ಕೂಡಿಸಿ ಪೈ ಬೆಲೆ ತೆಗೆಯುತ್ತದೆ. ಅದರಲ್ಲಿ ಮೊದಲೇ ಇರುವುದು ಹತ್ತು ಸಾವಿರ ಸೀಳು. ಅಷ್ಟಕ್ಕೆ ನಾಲ್ವರನ್ನು ಹಚ್ಚಿದರೆ ಒಬ್ಬನಿಗಿಂತ ತಡ, ಮಾತುಕತೆಯಲ್ಲೇ ಹೊತ್ತು ಹೋಗುತ್ತದೆ. ಹುಡುಗರು ಸೊನ್ನೆ ಸೇರಿಸುತ್ತ ಹೋದರು. ನೂರು ಕೋಟಿಗೆ ಬಂದಾಗ ನಾಲ್ವರ ಲಾಭ ಕಣ್ಣಿಗೆ ಹೊಡೆಯುವಂತಿತ್ತು. ಇನ್ನೊಂದು ಸೊನ್ನೆ ಹಾಕಿ ಸಾವಿರ ಕೋಟಿ ಮಾಡಿದರು. ಪೈ ಸರಿಯಾಗೇ ಬಂತು, ಸಮಯ ಒಂದೂವರೆ ಪಟ್ಟೂ ಆಗಲಿಲ್ಲ. “ಸಾರ್! ಹತ್ತರಷ್ಟು ಕೆಲಸ, ಟೈಮ್ ಜಾಸ್ತಿ ಆಗ್ಲೇ ಇಲ್ಲ!” ಎಂದು ಕುಣಿದರು.

ಕಂಪೈಲರ್ ಆಗಲೇ ಒಂದು ವಾರ್ನಿಂಗ್ ಕೊಟ್ಟು ಸುಮ್ಮನಾಗಿತ್ತು, ಅದನ್ನು ಯಾರು ಓದುತ್ತಾರೆ? ಇಂಟ್ ಎಂದರೆ ನಾಲ್ಕು ಬೈಟು. ಅದರಲ್ಲಿ 214 ಕೋಟಿ ಚಿಲ್ಲರೆಗಿಂತ ಹೆಚ್ಚು ಹಿಡಿಯುವುದಿಲ್ಲ. ಸಾವಿರ ಕೋಟಿ ಎಂದು ಬರೆದರೂ ಒಳಗೆ ಉಳಿದದ್ದು 141,00,65,408. ನಾನು ಮೇಲಕ್ಕೆ ಸ್ಕ್ರಾಲ್ ಮಾಡಿ ಆ ಸಾಲು ತೋರಿಸಿದೆ. ಒಬ್ಬ ಇಂಟ್ ಇದ್ದಲ್ಲಿ ಲಾಂಗ್ ಲಾಂಗ್ ಹಾಕುತ್ತ ಹೋದ, ಸಂದೇಶ ಕಳಿಸುವ ಸಾಲಿನಲ್ಲೂ ಬದಲಾಯಿಸಬೇಕು ಕಣೋ ಎಂದು ನೆನಪಿಸಿದೆ. ಈ ಸಲ ನಿಜವಾದ ಸಾವಿರ ಕೋಟಿ ಓಡತೊಡಗಿತು. ಅರ್ಧ ದಾರಿಯಲ್ಲಿರುವಾಗ ಅಟೆಂಡರ್ ಬಾಗಿಲಲ್ಲಿ ನಿಂತು, “ಸಾರ್, ಐದೂವರೆ ಆಯ್ತು, ಬೀಗ ಹಾಕ್ಬೇಕು” ಎಂದ.